ಮಡಚಿದ ಮೇಲಷ್ಟೇ ತೆರೆಯುವ ಬಾಗಿಲು

ಮೇ ೨೬, ಭಾನುವಾರ. ಆಳಂದ

ಆರು ವರ್ಷದಿಂದ ನಾನು ಬರೆದದ್ದೆಲ್ಲ ಇಂಗ್ಲಿಷು. ಪ್ರಯೋಗದ ವಹಿ ಇಂಗ್ಲಿಷು, ಗೈಡ್‌ಗೆ ಪತ್ರ ಇಂಗ್ಲಿಷು, ಡಬ್ಬಿಗಳ ಮೇಲಿನ ಚೀಟಿಯೂ ಇಂಗ್ಲಿಷು. ಇವತ್ತಿನಿಂದ ಈ ಹೊಸ ವಹಿಯಲ್ಲಿ ಕನ್ನಡ ಮಾತ್ರ. ಸಂತೋಷವನ್ನು ಇಂಗ್ಲಿಷಿನಲ್ಲಿ ಬರೆದರೆ ಪರೀಕ್ಷೆಯ ಉತ್ತರದ ಹಾಗೆ ಕಾಣುತ್ತದೆ.

ಮದುವೆಯಾಗಿ ಹತ್ತು ದಿನ. ಈ ಹತ್ತು ದಿನದಲ್ಲಿ ನಕ್ಕಷ್ಟು ನಾನು ಕಾನ್ವೆಂಟಿನ ಹನ್ನೆರಡು ವರ್ಷದಲ್ಲಿ ನಕ್ಕಿಲ್ಲ. ನನ್ನ ಜಗ್ಗು ಹಲ್ಲುಜ್ಜುವಾಗಲೂ ಹಾಡುತ್ತಾನೆ. ಅಫಜಲಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ಸಂಜೆ ಬಸ್ಸಿಳಿದು ಬರುವಾಗ ಅವನ ಅಂಗಿಯ ಜೇಬಿನಲ್ಲಿ ಏನಾದರೊಂದು ಇರುತ್ತದೆ. ನಿನ್ನೆ ಒಂದು ಹಸಿ ಮಾವಿನಕಾಯಿ. ಜೇಬು ಹರಿದಿತ್ತು.

ಮದುವೆಯ ದಿನದ ಒಂದು ಸಂಗತಿ ಮರೆಯುವ ಮೊದಲು ಬರೆದಿಡಬೇಕು. ಆಳಂದ ಮಹಾರಾಷ್ಟ್ರದ ಗಡಿಗೆ ಹತ್ತಿರ, ಇಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿ ಇದೆ. ನಮ್ಮ ಯಡ್ರಾಮಿ ಕಡೆ ಅಷ್ಟಿಲ್ಲ. ಪರಾತದಲ್ಲಿ ಅಕ್ಕಿ ಹರಡಿ, ಉಂಗುರದಿಂದ ಬರಿ ಅಂದರು. ಜಗ್ಗು ಬರೆದ: ಜಗದೇವಿ. ಅವನು ಜಗದೇವ, ನಾನು ಜಗದೇವಿ. ಕೊನೆಯ ಗುಣಿತ ಮಾತ್ರ ಬೇರೆ. ಶೈಲಶ್ರೀ ಎಂಬ ನನ್ನ ಹೆಸರು ಒಳ್ಳೆಯದೇ, ಆದರೆ ಅದನ್ನಿಟ್ಟದ್ದು ಅಪ್ಪ. ಇದನ್ನಿಟ್ಟದ್ದು ಅವನು. ನನಗೆ ಪರಾತದ ಅಕ್ಕಿಯನ್ನೇ ತಿಂದುಬಿಡಬೇಕು ಅನ್ನಿಸಿತು.

ನನ್ನ ಓದಿನ ಮಾತು ಬಂದಾಗಲೂ ಅವನು ಹಾಗೆಯೇ. ಸೆಪ್ಟೆಂಬರ್ ಮೂವತ್ತಕ್ಕೆ ಆರು ವರ್ಷ ಮುಗಿಯುತ್ತದೆ, ಅಷ್ಟರೊಳಗೆ ಪ್ರಬಂಧ ಸಲ್ಲಿಸದಿದ್ದರೆ ನನ್ನ ನೋಂದಣಿ ರದ್ದು ಅಂದೆ.

"ಮೂವತ್ತರ ತನ ಯಾಕ, ಆಗಸ್ಟಿನಾಗೇ ಮುಗಸ್ತೀ ನೀ. ನಾ ಇದ್ದೇನಲ್ಲ" ಅಂದ.

ಅವನಿದ್ದಾನೆ. ಇನ್ನೇನು ಬೇಕು.

ಜೂನ್ ೬, ಗುರುವಾರ

ಇವತ್ತು ಯಾರಿಗೂ ಹೇಳದೆ ಒಂದು ಕೆಲಸ ಮಾಡಿದೆ. ಆಧಾರ್ ಕೇಂದ್ರಕ್ಕೆ ಹೋಗಿ ಹೆಸರು ಬದಲಾಯಿಸಲು ಕೊಟ್ಟೆ. ಜಗ್ಗುವಿನ ಹುಟ್ಟುಹಬ್ಬಕ್ಕೆ ಹೊಸ ಕಾರ್ಡು ಅವನ ಕೈಯಲ್ಲಿಡುತ್ತೇನೆ.

ಕೇಂದ್ರದಲ್ಲಿದ್ದ ಹುಡುಗಿಯ ಹೆಸರು ಅಮೀರುನ್ನಿಸಾ. "ಲಗ್ನಾಗಿ ಎಷ್ಟ್ ದಿನ ಆತ್ರಿ ಅಕ್ಕಾರ?" ಅಂದಳು.

"ಇಪ್ಪತ್ತೊಂದು."

"ಎಲ್ಲಾರೂ ಮೊದಲನೇ ತಿಂಗಳದಾಗೇ ಬರ್ತಾರ ನೋಡ್ರಿ. ಎರಡನೇ ತಿಂಗಳದಾಗ ಒಬ್ರೂ ಬರಂಗಿಲ್ಲ." ಅವಳು ಟೈಪು ಮಾಡುತ್ತಲೇ ಕೇಳಿದಳು: "ಮೊಬೈಲ್ ನಂಬರ್ ಅದೇ ಇರ್ಲೇನ್ರಿ?"

ಆಗ ಇನ್ನೂ ಚೆಂದದ್ದೊಂದು ಹೊಳೆಯಿತು. ನಮ್ಮನೆಯವರ ನಂಬರ್ ಹಾಕಿ ಅಂದೆ.

"ನಿಮ್ದು ಬಂದಾಗಿದ್ಯೇನ್ರಿ?"

"ಇಲ್ಲ, ಚಾಲೂ ಅದ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ ನಂಬರು ಕೇಳಿದಳು. ನನಗೆ ಬಾಯಿಪಾಠ. ಹೆಸರೂ ಅವನದೇ, ನಂಬರೂ ಅವನದೇ. ಮನೆಗೆ ಬರುವ ದಾರಿಯಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದೆ. ಬಾಳೆಹಣ್ಣಿನ ಗಾಡಿಯವನು ತನ್ನನ್ನು ನೋಡಿಯೇ ನಗುತ್ತಿದ್ದಾಳೆಂದುಕೊಂಡು ಒಂದು ಹಣ್ಣು ಹೆಚ್ಚಿಗೆ ಹಾಕಿದ.

ಜೂನ್ ೧೯, ಬುಧವಾರ

ತಿಂಗಳ ಮೇಲೆ ಲ್ಯಾಬು. ಬಾಗಿಲಲ್ಲೇ ಮೆಹರಾಜಬೇಗಂ ಹಿಡಿದಳು. ಆರು ವರ್ಷದಿಂದ ನನ್ನ ಪಕ್ಕದ ಮೇಜಿನವಳು.

"ಬಂದ್ಳು ನೋಡ್ರಿ ನಯಿ ದುಲ್ಹನ್. ಏನ್ ಬೇ, ಮೈಕ್ರೋಸ್ಕೋಪಿನಾಗೂ ಗಂಡನ ಮಾರೀನೇ ಕಾಣಸ್ತದೇನು?"

ಕಾಣಿಸಿದ್ದು ಹಸಿರು ಉಂಗುರ. ಎಷ್ಟು ಸಲ ನೋಡಿದ್ದೇನೋ, ಇವತ್ತು ಕಣ್ಣಲ್ಲಿ ನೀರು ಬಂತು. ಇಲ್ಲಿ ನನಗಾಗಿ ಮಾತ್ರ, ಕನ್ನಡದಲ್ಲಿ ಒಮ್ಮೆ ಬರೆದುಕೊಳ್ಳುತ್ತೇನೆ. ಬ್ಯಾಕ್ಟೀರಿಯ ಎಂದರೆ ಒಂದೇ ಕೋಣೆಯ ಮನೆ. ಒಳಗೆ ತಯಾರಾದ ಪ್ರೋಟೀನುಗಳಲ್ಲಿ ಕೆಲವು ಪೊರೆ ದಾಟಿ ಹೊರಗೆ ಹೋಗಬೇಕು. ಹೆಚ್ಚಿನವು ಇನ್ನೂ ಮಡಚಿಕೊಳ್ಳುವ ಮೊದಲೇ, ದಾರದ ಹಾಗೆ, ಒಂದು ಸಣ್ಣ ಬಾಗಿಲಲ್ಲಿ ನುಸುಳಿ ಹೋಗುತ್ತವೆ. ಹೊರಗೆ ಹೋದ ಮೇಲೆ ರೂಪ ಪಡೆಯುತ್ತವೆ. ನನ್ನ ಬಾಗಿಲು ಇನ್ನೊಂದು. ಒಳಗೇ ಪೂರ್ತಿ ಮಡಚಿ, ರೂಪ ಪಡೆದು ಬಂದವಕ್ಕೆ ಮಾತ್ರ ಅದು ದಾರಿ ಬಿಡುತ್ತದೆ. ಅದು ಸದಾ ತೆರೆದಿರುವ ಬಾಗಿಲೂ ಅಲ್ಲ. ಪ್ರೋಟೀನು ಬಂದು ನಿಂತಾಗ ಅದರ ಗಾತ್ರಕ್ಕೆ ತಕ್ಕಷ್ಟು ತುಂಡುಗಳು ಓಡಿಬಂದು ಸೇರಿ ಬಾಗಿಲಾಗುತ್ತವೆ, ದಾಟಿದ ಮೇಲೆ ಚದುರಿಹೋಗುತ್ತವೆ. ಗುರುತಿಗೆ ಪ್ರೋಟೀನಿನ ಮುಂಭಾಗದಲ್ಲಿ ಒಂದು ಚೀಟಿ, ಅದರಲ್ಲಿ ಅರ್ಜಿನಿನ್ ಎಂಬ ಅಮೈನೊ ಆಮ್ಲ ಅಕ್ಕಪಕ್ಕ ಎರಡು ಸಲ. ದಾಟಿದ ಕೂಡಲೇ ಒಂದು ಕಿಣ್ವ ಆ ಚೀಟಿಯನ್ನು ಕತ್ತರಿಸಿಹಾಕುತ್ತದೆ.

ನಾನು ಆ ಚೀಟಿಯನ್ನು ಹಸಿರಾಗಿ ಹೊಳೆಯುವ ಪ್ರೋಟೀನಿಗೆ ಅಂಟಿಸಿದ್ದೇನೆ. ಅದು ದಾಟಿದರೆ ಒಳಪೊರೆಗೂ ಹೊರಪೊರೆಗೂ ನಡುವಿನ ಓಣಿಯಲ್ಲಿ ಹರಡಿ ಉಂಗುರದಂತೆ ಕಾಣುತ್ತದೆ. ಒಂದು ಅರ್ಜಿನಿನ್ ತೆಗೆದು ಅದರ ತಂಗಿಯಂತಿರುವ ಲೈಸಿನ್ ಹಾಕಿದರೆ ಉಂಗುರ ಮಸುಕು. ಎರಡನ್ನೂ ಬದಲಾಯಿಸಿದರೆ ಉಂಗುರವೇ ಇಲ್ಲ. ಹಸಿರೆಲ್ಲ ಒಳಗೇ ತುಂಬಿಕೊಂಡು ಇಡೀ ಕೋಶ ಉಬ್ಬಿದ ಹಾಗೆ ಹೊಳೆಯುತ್ತದೆ. ಪ್ರೋಟೀನಿನಲ್ಲಿ ದೋಷವಿಲ್ಲ, ಮಡಿಕೆ ಸರಿಯಾಗಿದೆ, ಹೊಳಪೂ ಇದೆ. ಬರೀ ಚೀಟಿ ಬೇರೆ.

ಬಾಗಿಲನ್ನೇ ಕಿತ್ತುಹಾಕಿದ ಬ್ಯಾಕ್ಟೀರಿಯ ಇನ್ನೂ ತಮಾಷೆ. ಒಂದು ಕೋಶ ಎರಡಾದ ಮೇಲೆ ನಡುವಿನ ಗೋಡೆ ಕತ್ತರಿಸುವ ಕಿಣ್ವಗಳು ಇದೇ ಬಾಗಿಲಿನಿಂದ ಹೊರಬೀಳಬೇಕು. ಬಾಗಿಲಿಲ್ಲದಿದ್ದರೆ ಕೋಶಗಳು ಬಿಡಿಸಿಕೊಳ್ಳಲಾರದೆ ಒಂದಕ್ಕೊಂದು ಅಂಟಿ ಸರಪಳಿಯಾಗುತ್ತವೆ.

"ಇದು ಮಾತ್ರ ಬರೋಬ್ಬರಿ ನಿನ್ನ ಅತ್ತಿ ಮನಿ" ಅಂದಳು ಮೆಹರಾಜ.

"ನಮ್ಮನ್ಯಾಗ ಬರೀ ಮೂರು ಮಂದಿ" ಅಂದೆ.

"ಮೂರು ಸಾಕು ಬೇ, ಸರಪಳಿಗಿ."

ಇನ್ನು ಇದನ್ನೇ ಮೂರು ಸಲ ಹೊಸದಾಗಿ ಮಾಡಿ ತೋರಿಸಬೇಕು. ಒಂದು ಸಲ ಬಂದ ಫಲಿತಾಂಶವನ್ನು ನನ್ನ ಗೈಡ್ ವಿಶ್ವಾರಾಧ್ಯ ಸರ್ ಫಲಿತಾಂಶವೆಂದೇ ಕರೆಯುವುದಿಲ್ಲ. "ಒಮ್ಮೆ ಆದ್ರ ಆಕಸ್ಮಿಕ, ಎರಡ್ ಸಲ ಆದ್ರ ಅನುಮಾನ, ಮೂರ್ ಸಲ ಆದ್ರ ಬರೀರಿ" ಎಂಬುದು ಅವರ ಮಾತು. ಎರಡು ಸಲದ್ದು ಈ ತಿಂಗಳೇ ಮುಗಿಸುವೆ.

ಜೂನ್ ೩೦, ಭಾನುವಾರ

ಅತ್ತೆಯವರ ಹೆಸರು ಗುರುಬಾಯಿ. ಮಾವನವರು ತೀರಿಕೊಂಡು ಎಂಟು ವರ್ಷವಾಯಿತು. ಅತ್ತೆಯವರು ಕಡಿಮೆ ಮಾತಿನವರು, ಅವರ ರೊಟ್ಟಿ ಬಡಿಯುವ ಸದ್ದೇ ಮಾತಾಡುತ್ತದೆ. ಇವತ್ತು ಅವರ ಪಕ್ಕದಲ್ಲಿ ಕೂತು ಹಿಟ್ಟು ನಾದುತ್ತಿದ್ದೆ.

"ಅಲ್ಲೇನ್ ಮಾಡ್ತಿ ಬೇ ನೀ ದಿನಾ ಹೋಗಿ?" ಅಂದರು.

ಹೇಳಿದೆ. ಮಡಚಿದ್ದು, ಮಡಚದ್ದು, ಎರಡು ಬಾಗಿಲು. ಹಂಚಿನ ಮೇಲೆ ನೀರು ಸವರುತ್ತ ಕೇಳಿಸಿಕೊಂಡರು. ಆಮೇಲೆ ರೊಟ್ಟಿ ತಿರುವಿಹಾಕಿ ಕೇಳಿದರು: "ಒಳಗ ಬರೋಬ್ಬರಿ ಮಡಚೇದೋ ಇಲ್ಲೋ ಅಂತ ಆ ಬಾಗಲಕ್ಕ ಹ್ಯಾಂಗ್ ಗೊತ್ತಾಗ್ತದ? ಅದಕ್ಕೇನ್ ಕಣ್ಣವೇನು?"

ಹಿಟ್ಟಿನ ಕೈಯಲ್ಲೇ ಅವರನ್ನು ತಬ್ಬಿಕೊಂಡೆ. ನನ್ನ ಪ್ರಬಂಧದ ಪ್ರಶ್ನೆಯೇ ಅದು. ಜಗತ್ತಿನಲ್ಲಿ ಯಾರಿಗೂ ಪೂರ್ತಿ ಉತ್ತರ ಗೊತ್ತಿಲ್ಲದ ಪ್ರಶ್ನೆ, ಆಳಂದದ ಒಲೆಯ ಮುಂದೆ.

"ನಮಗರೆ ಬೆಂದದ್ದು ಕೈಗಿ ಗೊತ್ತಾಗ್ತದ" ಅಂದರು ಅತ್ತೆಯವರು, ಸೀರೆಗೆ ಹತ್ತಿದ ಹಿಟ್ಟು ಕೊಡವುತ್ತ.

ಜಗ್ಗು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಅವ್ವಾ, ನಿನ್ನೂ ಪಿಎಚ್‌ಡಿಗಿ ಹಚ್ಚಬೇಕು ನೋಡು. ಈ ಮನ್ಯಾಗ ನಾ ಒಬ್ನೇ ಉಳೀತೇನಿ."

ಮೂವರೂ ನಕ್ಕೆವು. ನಾನು ಎಷ್ಟು ನಕ್ಕೆನೆಂದರೆ, ಅವನ ನಗು ನಿಂತದ್ದು ತಡವಾಗಿ ಗೊತ್ತಾಯಿತು. ಹುಟ್ಟುಹಬ್ಬದ ಕಾಣಿಕೆಯೆಂದು ಹೊಸ ಆಧಾರ್ ಕಾರ್ಡು ಕೊಟ್ಟಾಗ ಮಾತ್ರ ಮತ್ತೆ ಅರಳಿದ. ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡ. ಅದು ನನ್ನ ಕಾರ್ಡಲ್ಲವೇ ಅಂದೆ. "ನಂದು ನಿಂದು ಏನದ?" ಅಂದ. ಎಷ್ಟು ಚೆಂದದ ಮಾತು.

ಜುಲೈ ೧೪, ಭಾನುವಾರ. ಯಡ್ರಾಮಿ

ಆಷಾಢ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದಂತೆ, ತವರಿಗೆ ಕಳಿಸಿದ್ದಾರೆ. "ಬಸವಣ್ಣೋರು ಇದನ್ನೆಲ್ಲ ಬ್ಯಾಡಂದಾರ, ಆದ್ರ ಮಂದಿ ಬಿಡಬೇಕಲ್ಲ" ಅಂದರು ಅತ್ತೆಯವರು, ನನ್ನ ಚೀಲಕ್ಕೆ ಶೇಂಗಾ ಹಿಂಡಿ ತುಂಬುತ್ತ.

ಇಲ್ಲಿಂದ ಲ್ಯಾಬು ದೂರ. ಮೂರನೆಯ ಸಲದ ಪ್ರಯೋಗ ಬಾಕಿ. ಮೆಹರಾಜಳ ಕೋಣೆಯಲ್ಲಿ ಒಂದು ವಾರ ಉಳಿದು ಮುಗಿಸಿಬಿಡುತ್ತೇನೆ ಎಂದು ಜಗದೇವನಿಗೆ ಫೋನು ಮಾಡಿದೆ. "ಹೊಸಾ ಸೊಸಿ ಮಂದಿ ಕೋಣ್ಯಾಗ ಉಳದ್ರ ಏನಂತಾರ? ಆಷಾಢ ಮುಗೀಲಿ" ಅಂದ. ಸರಿಯೇ. ನಾನು ಬರೀ ನನ್ನ ಬ್ಯಾಕ್ಟೀರಿಯದ ಬಗ್ಗೆ ಯೋಚಿಸುತ್ತೇನೆ, ಅವನು ಎಲ್ಲರ ಬಗ್ಗೆ.

ಅಪ್ಪನೂ ಹಾಗೇ ಅಂದರು. "ನಿಂದು ಅರ್ಧಾ ತಾಸಿನ ಸಿಟ್ಟು ಇರ್ತದ ಶೈಲವ್ವ. ಅವರ ಮಾತೂ ಒಂದೀಟು ಕೇಳಬೇಕು." ನನಗೆ ಸಿಟ್ಟೇ ಬಂದಿರಲಿಲ್ಲ. ಮೂರನೆಯ ಅಧ್ಯಾಯ ಬರೆದು ಮುಗಿಸಿದೆ.

ಆಗಸ್ಟ್ ೧೦, ಶನಿವಾರ

ಅಫಜಲಪುರದ ಕಾಲೇಜಿನಲ್ಲಿ ಸಮಾರಂಭ, ಹೆಂಡಂದಿರಿಗೂ ಕರೆ. ಹಸಿರು ಇಳಕಲ್ ಸೀರೆ ಉಟ್ಟೆ. ಊಟದ ಪಂಕ್ತಿಯಲ್ಲಿ ದೇವೀಂದ್ರಪ್ಪ ಎಂಬ ಹಿರಿಯ ಮಾಸ್ತರರು ಎಲ್ಲರಿಗೂ ಕೇಳುವಂತೆ ಅಂದರು: "ಏನ್ರಿ ಜಗದೇವ ಸರ್, ಮನ್ಯಾಗ ಡಾಕ್ಟರ್ ಬರಾಕತ್ತಾರಂತ. ನೀವು ಕಂಪೌಂಡರ್ ಆದ್ರೇನು ಮತ್ತ?"

ಎಲ್ಲರೂ ನಕ್ಕರು. ಜಗದೇವನೂ ನಕ್ಕ. "ಗುಳಿಗಿ ಕಟ್ಟಿಕೊಡೂದು ನಮಗ ಮೊದಲಿಂದ ರೂಢಿ ಅದರಿ" ಅಂದ. ನಾನು ಹೆಮ್ಮೆಯಿಂದ ಅವನತ್ತ ನೋಡಿದೆ. ಅವನು ಎಲೆಯ ಮೇಲಿನ ಹೋಳಿಗೆಯನ್ನು ಸಣ್ಣಸಣ್ಣಗೆ ಹರಿಯುತ್ತಿದ್ದ, ತಿನ್ನುತ್ತಿರಲಿಲ್ಲ.

ಕೈ ತೊಳೆಯುವಾಗ ದೇವೀಂದ್ರಪ್ಪನವರ ಹೆಂಡತಿ ರಮಾಬಾಯಿ ಹತ್ತಿರ ಬಂದು, "ಮನಸಿಗಿ ಹಚ್ಕೋಬ್ಯಾಡ್ರಿ. ನಿಮ್ಮನಿಯವರ ಪಿಎಚ್‌ಡಿ ಮೂರ್ ವರ್ಷದ ಹಿಂದ ರದ್ದಾತಲ್ಲ, ಅದಕ್ಕ ಹಂಗ ಚಾಷ್ಟಿ ಮಾಡ್ತಾರ" ಅಂದರು.

ಅವನು ಪಿಎಚ್‌ಡಿಗೆ ಸೇರಿದ್ದನೆಂದೇ ನನಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕೇಳಿದೆ. ಕಿಟಕಿಯ ಹೊರಗೆ ನೋಡುತ್ತ, "ಅದರಾಗ ಹೇಳೂದೇನದ" ಅಂದ. ಪಾಪ. ನಾನು ಎಷ್ಟು ಸಲ ನನ್ನ ಉಂಗುರದ ಬಗ್ಗೆ ಬಡಬಡಿಸಿದ್ದೇನೆ. ಇನ್ನು ಮೇಲೆ ಮನೆಯಲ್ಲಿ ಅದರ ಮಾತೆತ್ತುವುದಿಲ್ಲ.

ಆಗಸ್ಟ್ ೨೯, ಗುರುವಾರ

ಮೂರನೆಯ ಸಲವೂ ಅದೇ ಫಲಿತಾಂಶ. ಪ್ರಬಂಧ ಸಿದ್ಧ. ಇನ್ನೂರ ಹನ್ನೊಂದು ಪುಟ.

ವಿಶ್ವವಿದ್ಯಾಲಯದ ಜಾಲತಾಣಕ್ಕೆ ಏರಿಸಲು ಹೋದರೆ ತೆಗೆದುಕೊಳ್ಳಲಿಲ್ಲ. ನೋಂದಣಿಯಲ್ಲಿ ಶೈಲಶ್ರೀ, ಆಧಾರ್‌ನಲ್ಲಿ ಜಗದೇವಿ. ಗುಮಾಸ್ತರು ಒಳ್ಳೆಯವರು, ದಾರಿ ಹೇಳಿದರು: ಇಬ್ಬರೂ ಒಬ್ಬಳೇ ಎಂದು ಗಂಡ ನೋಟರಿಯ ಮುಂದೆ ಸಹಿ ಮಾಡಿಕೊಟ್ಟರೆ ಸಾಕು. ಐದು ನಿಮಿಷದ ಕೆಲಸ.

ಸಂಜೆ ಹೇಳಿದೆ. "ಸೋಮವಾರ ಮಾಡೂಣು" ಅಂದ.

ಸೆಪ್ಟೆಂಬರ್ ೨, ಸೋಮವಾರ

ಆಗಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ಇತ್ತಂತೆ.

ಸೆಪ್ಟೆಂಬರ್ ೬, ಶುಕ್ರವಾರ

ನೋಟರಿ ಊರಲ್ಲಿಲ್ಲ ಅಂದರು ಜಗದೇವ. ಮಧ್ಯಾಹ್ನ ಸಂತೆಗೆಂದು ಹೋದವಳು ನೋಟರಿಯವರ ಅಂಗಡಿಗೂ ಹೋಗಿ ನೋಡಿದೆ. ಇದ್ದರು. ಚಹಾ ಕುಡಿಸಿದರು.

ಸೆಪ್ಟೆಂಬರ್ ೧೨, ಗುರುವಾರ

ಪುಂಡಿಪಲ್ಯ ಮಾಡಿದೆ. ಎರಡು ಸಲ ಹಾಕಿಸಿಕೊಂಡರು. ಸಹಿಯ ಮಾತು ಕೇಳಲಿಲ್ಲ. ಊಟದ ಹೊತ್ತಿಗೆ ಬೇಡ ಅನ್ನಿಸಿತು.

ಸೆಪ್ಟೆಂಬರ್ ೧೯, ಗುರುವಾರ

ಸಹಿ ಆಯಿತು.

ಮಾಡಿಸಿದ್ದು ಅತ್ತೆ. ಬೆಳಗ್ಗೆ ಮಗ ಬೂಟು ಹಾಕಿಕೊಳ್ಳುವಾಗ ಬಾಗಿಲಿಗೆ ಅಡ್ಡ ಕೂತು ತೊಗರಿಬೇಳೆ ಆರಿಸತೊಡಗಿದಳು.

"ಸರಿಯಬೇ ಅವ್ವಾ, ಬಸ್ ಹೋಗ್ತದ."

"ಹೋಗ್ಲಿ. ಈಕಿ ಕಾಗದಾ ಏನಾತು?"

"ಮಾಡ್ತೇನಂದೇನಲ್ಲ."

"ಇಪ್ಪತ್ ದಿನ ಆತು ಮಾಡ್ತೇನಿ ಅನ್ನಾಕತ್ತು. ಲಗ್ನದಾಗ ಅಕ್ಕಿ ಮ್ಯಾಲ ಹೆಸರ ಬರಿಯಾಕ ಬರೋಬ್ಬರಿ ಕೈ ಬರ್ತಿತ್ತು. ಈಗೇನ್ ಕೈಗಿ ಹುಣ್ಣಾಗ್ಯಾವೇನ್ಲೇ?"

ಒಂಬತ್ತೂವರೆಗೆ ಮೂವರೂ ನೋಟರಿಯ ಮುಂದಿದ್ದೆವು. ಸಹಿ ಮಾಡುವಾಗ ಜಗದೇವ ಅವರ ಪೆನ್ನು ಕಾಗದ ಹರಿಯುವಷ್ಟು ಒತ್ತಿತು. ಕಾಗದ ವಿಶ್ವವಿದ್ಯಾಲಯಕ್ಕೆ ಒಯ್ದುಕೊಟ್ಟೆ. ಹೆಸರು ತಿದ್ದಲು ಹತ್ತು ದಿನ ಅಂದರು. ಇನ್ನು ಹನ್ನೊಂದು ದಿನ ಇದೆ.

ಸೆಪ್ಟೆಂಬರ್ ೩೦, ಸೋಮವಾರ

ಹನ್ನೊಂದು ಗಂಟೆಗೆ ನನ್ನ ಹೆಸರಿನ ಪುಟ ತೆರೆಯಿತು. ಮೆಹರಾಜ ಪಕ್ಕದಲ್ಲಿ ಕೂತಿದ್ದಳು. ಇನ್ನೂರ ಹನ್ನೊಂದು ಪುಟವೂ ಏರಿತು. ಕೊನೆಗೆ ಒಂದು ಚೌಕ: ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬಂದ ಒಟಿಪಿ ನಮೂದಿಸಿ. ಆರು ಅಂಕಿ, ಹತ್ತು ನಿಮಿಷ, ಮೂರು ಅವಕಾಶ. ನನ್ನ ಫೋನನ್ನು ಮೇಜಿನ ಮೇಲಿಟ್ಟು ಕಾದೆವು. ಐದು ನಿಮಿಷ ಕಾದ ಮೇಲೆ ಜೂನ್ ಆರು ನೆನಪಾಯಿತು.

ಅಫಜಲಪುರಕ್ಕೆ ಫೋನು ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ನನಗೆ ಜೀವ ಬಂತು.

"ಬಂದದ ನೋಡು. ಹೇಳ್ತೇನಿ, ಬರ್ಕೊ" ಅಂದರು. ನಿಧಾನವಾಗಿ, ಮಕ್ಕಳಿಗೆ ಉಕ್ತಲೇಖನ ಹೇಳಿದ ಹಾಗೆ ಹೇಳಿದರು. ಪ್ರಯೋಗದ ವಹಿಯ ಅಂಚಿನಲ್ಲಿ ಬರೆದುಕೊಂಡು ಒತ್ತಿದೆ. ತಪ್ಪು ಅಂದಿತು.

ಎರಡನೆಯ ಸಲ ಹೊಸ ಅಂಕಿ. ಮತ್ತೆ ಕೇಳಿ ಬರೆದೆ. ತಪ್ಪು.

"ಮೆಸೇಜನ್ನೇ ಕಳಸ್ರಿ" ಅಂದೆ.

"ನೆಟ್ ಇಲ್ಲ ಇಲ್ಲಿ. ಕ್ಲಾಸ್ ಬಿಟ್ಟು ಬಂದು ನಿಂತೇನಿ ಶೈಲೂ. ನೀ ಗಾಬರಿ ಆಗಿ ತಪ್ಪು ಒತ್ತಾಕತ್ತೀ. ಸಮಾಧಾನ ಮಾಡ್ಕೊ."

ಮೂರನೆಯ ಸಲ ನಾನು ಬರೆದುಕೊಂಡು ಮೆಹರಾಜಳಿಗೇ ಒತ್ತಲು ಹೇಳಿದೆ. ಅವಳ ಬೆರಳು ನಡುಗುವುದಿಲ್ಲ. ತಪ್ಪು. ಪುಟ ಕೆಂಪಾಗಿ, ನಾಳೆ ಪ್ರಯತ್ನಿಸಿ ಅಂದಿತು. ನಾಳೆ ಅಕ್ಟೋಬರ್ ಒಂದು.

ಬಸ್ಸಿನಲ್ಲಿ ಅಳಲಿಲ್ಲ. ಸಂಜೆ ಅವರು ಜಿಲೇಬಿ ತಂದಿದ್ದರು. ನನ್ನ ತಲೆ ಸವರಿ, "ಮನಸಿಗಿ ಹಚ್ಕೋಬ್ಯಾಡ. ಮುಂದಿನ ವರ್ಷ ಇಬ್ರೂ ಕೂಡಿ ರಜಿಸ್ಟರ್ ಮಾಡೂಣು. ಒಂದೇ ಸಲ ಡಾಕ್ಟರ್ ಆಗೂಣು" ಅಂದರು. ಎಷ್ಟೋ ದಿನದ ಮೇಲೆ ಅಷ್ಟು ಮೆತ್ತಗೆ ಮಾತಾಡಿದರು. ಹಲ್ಲುಜ್ಜುವಾಗ ಹಾಡಿದರು.

ಅಂಕಿ ಒತ್ತುವುದು ಕೂಡ ಬಾರದವಳು ನಾನು.

ಅಕ್ಟೋಬರ್ ೧, ಮಂಗಳವಾರ

ಬೆಳಗ್ಗೆ ಅತ್ತೆಗೆ ಹಿರೋಳ್ಳಿಯ ತಂಗಿ ಅಂಬುಬಾಯಿಯ ಜತೆ ಮಾತಾಡಬೇಕಾಗಿತ್ತು. ಅವಳ ಫೋನಿನಲ್ಲಿ ಚಾರ್ಜ್ ಇರಲಿಲ್ಲ. "ಅವನ ಫೋನಿನಿಂದ ಹಚ್ಚಿಕೊಡು ಬೇ" ಅಂದಳು. ಅವರು ಸ್ನಾನಕ್ಕೆ ಹೋಗಿದ್ದರು. ಫೋನಿನ ಬೀಗ ತೆಗೆಯಲು ಪರದೆಯ ಮೇಲೆ ಎಳೆಯುವ ಗೆರೆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಹಚ್ಚಿಕೊಟ್ಟೆ. ಅತ್ತೆ ಮಾತಾಡಿ ಮುಗಿಸಿ ಮರಳಿ ಕೊಟ್ಟಳು. ಇಡುವಾಗ ಸಂದೇಶಗಳು ಕಂಡವು. ಮೂರೂ ಅಲ್ಲೇ ಇದ್ದವು. ಪ್ರಯೋಗದ ವಹಿ ತಂದು ಅಂಚಿನಲ್ಲಿ ಬರೆದದ್ದನ್ನು ಪಕ್ಕದಲ್ಲಿಟ್ಟೆ.

ಬಂದದ್ದು ೪೧೧೩೦೨. ಹೇಳಿದ್ದು ೪೧೭೩೦೨.
ಬಂದದ್ದು ೮೬೫೦೨೯. ಹೇಳಿದ್ದು ೮೬೫೦೫೯.
ಬಂದದ್ದು ೨೩೦೭೪೪. ಹೇಳಿದ್ದು ೨೮೦೭೪೪.

ಪ್ರತಿ ಸಲವೂ ಒಂದೇ ಅಂಕಿ, ಪ್ರತಿ ಸಲವೂ ಬೇರೆ ಜಾಗದಲ್ಲಿ. ಒಂದು ಸಲವಾಗಿದ್ದರೆ ಕಣ್ಣು ತಪ್ಪಿದ್ದು. ಎರಡು ಸಲ ಅನುಮಾನ. ಮೂರು ಸಲದ್ದನ್ನು ಬರೆಯಬೇಕು ಎಂದು ನನಗೆ ಕಲಿಸಿದ್ದಾರೆ, ಬರೆದಿದ್ದೇನೆ.

"ಏನ್ ಬಂದದ ಬೇ ಅದರಾಗ?" ಅಂದಳು ಅತ್ತೆ.

ತೋರಿಸಿ ಹೇಳಿದೆ. ಅತ್ತೆಗೆ ಓದು ಬರುವುದಿಲ್ಲ, ಅಂಕಿ ಗೊತ್ತು. ಕ್ಯಾಲೆಂಡರ್ ನೋಡುವವಳು. ಮೂರು ಸಾಲನ್ನೂ ಬೆರಳಿಟ್ಟು ನೋಡಿದಳು. ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವ ಸದ್ದು ನಿಂತಿತು.

"ಇಟ್ಟುಬಿಡು ಅಲ್ಲೇ" ಅಂದಳು. "ಗಂಡಸ್ರ ಹೊಟ್ಟಿಕಿಚ್ಚು ಹಂಗೇ ಇರ್ತದ. ಬಾ, ಉಣಬಾ."

ಉಂಡೆ. ಅವರಿಗೂ ಡಬ್ಬಿ ಕಟ್ಟಿಕೊಟ್ಟೆ.

ಅಕ್ಟೋಬರ್ ೩, ಗುರುವಾರ

ಅವರ ಬಸ್ಸು ಹೋದ ಮೇಲೆ ನಾನು ಹೊರಟೆ. ಮೊದಲು ಆಧಾರ್ ಕೇಂದ್ರ. ಅಮೀರುನ್ನಿಸಾಳಿಗೆ ನನ್ನ ಗುರುತು ಹತ್ತಿತು.

"ಈಗ ಯಾರ ನಂಬರ್ ಹಾಕ್ಲಿರಿ ಅಕ್ಕಾರ?"

"ನಂದು."

ಅವಳು ನಂಬರು ಟೈಪು ಮಾಡಿದಳು. ಬೆರಳಚ್ಚು ತೆಗೆದುಕೊಳ್ಳುವಾಗ ನನ್ನ ಹೆಬ್ಬೆರಳನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದಳು.

ಆಮೇಲೆ ವಿಶ್ವಾರಾಧ್ಯ ಸರ್. ತಡವಾದವರಿಗೆ ಹದಿನೈದು ದಿನದ ಅವಕಾಶ ಇದೆಯಂತೆ, ಒಂದೇ ಒಂದು ಸಲ, ಗೈಡ್ ಬರೆದುಕೊಟ್ಟರೆ ಮಾತ್ರ.

"ಬರೀತೇನಿ. ಆದ್ರ ಅರ್ಜ್ಯಾಗ ಕಾರಣ ಬೇಕು. ಏನಂತ ಬರೀಲಿ?" ಅಂದರು.

"ತಾಂತ್ರಿಕ ಕಾರಣ ಅಂತ ಬರೀರಿ ಸರ್."

"ಏನ್ ತಾಂತ್ರಿಕ?"

"ಸಂಕೇತ ತಪ್ಪಿತ್ರಿ."

ಅವರು ಕನ್ನಡಕದ ಮೇಲಿನಿಂದ ನೋಡಿದರು. ಬರೆದರು. ಅಕ್ಟೋಬರ್ ಹದಿನೈದು ಕೊನೆಯ ದಿನ. ನಂಬರು ಬದಲಾಗಲು ಒಂದು ವಾರ ಹಿಡಿಯಬಹುದು.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮದುವೆಯಾದ ಮೇಲೆ ಇದು ಎರಡನೆಯ ಸಲ ನಾನು ಯಾರಿಗೂ ಹೇಳದೆ ಆ ಕೇಂದ್ರಕ್ಕೆ ಹೋದದ್ದು.

ಅಕ್ಟೋಬರ್ ೧೨, ಶನಿವಾರ

ದಸರೆ. ಸಂಜೆ ಬನ್ನಿ ಹಂಚುವ ಹೊತ್ತು. ಓಣಿಯವರೆಲ್ಲ ಬಂದು ಎಲೆ ಕೊಟ್ಟು ಹೋದರು. ಅವರೂ ಹೊಸ ಅಂಗಿ ತೊಟ್ಟು ನನ್ನ ಮುಂದೆ ಬಂದು ಅಂಗೈಯಲ್ಲಿ ಎರಡೆಲೆ ಹಿಡಿದರು.

"ಬನ್ನಿ ತಗೊಂಡು ಬಂಗಾರದಂಗ ಇರೂಣು."

ತೆಗೆದುಕೊಂಡೆ. ನನ್ನ ಎಲೆಗಳನ್ನು ಅವರ ಕೈಗಿಟ್ಟು, "ಬಂಗಾರದಂಗ ಇರೂಣ್ರಿ" ಅಂದೆ. ಹಿರಿಯರಿಗೆ ಮಾಡುವ ಹಾಗೆ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದೆ. ಅವರಿಗೆ ಇರುಸುಮುರುಸಾಯಿತು. "ಇದೇನ್ ಹೊಸದು?" ಅಂದರು.

ಅತ್ತೆ ನೋಡುತ್ತಿದ್ದಳು. ಒಳಗೆ ಹೋದಾಗ ಮೆಲ್ಲಗೆ, "ಇಷ್ಟ್ ಶಾಂತ ಇರಬ್ಯಾಡ ಬೇ. ಬೈಯರೆ ಬೈ" ಅಂದಳು.

ಬೈಯಲು ಏನಿದೆ. ಕೆಲಸ ಬಾಕಿ ಇರುವಾಗ ನನಗೆ ಮಾತು ಬರುವುದಿಲ್ಲ, ಅಷ್ಟೇ. ಮಧ್ಯಾಹ್ನ ಒಂದು ಸಂದೇಶ ಬಂದಿದೆ: ನಂಬರು ಬದಲಾಯಿತು.

ಅಕ್ಟೋಬರ್ ೧೪, ಸೋಮವಾರ

ಕಾಲೇಜಿಗೆ ಇನ್ನೂ ದಸರೆಯ ರಜೆ. ಹತ್ತು ಗಂಟೆಗೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಒಳಗೆ ಕೋಣೆಯಲ್ಲಿ ಕೂಡಬಹುದಿತ್ತು. ಅವರು ಎದುರಿನ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಅತ್ತೆ ಬಾಗಿಲ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಏನ್ ಮಾಡಾಕತ್ತೀ?"

"ಪ್ರಬಂಧ ಕಳಸಾಕತ್ತೇನ್ರಿ."

ಪೇಪರು ಕೆಳಗಿಳಿಯಿತು. "ಮುಗದು ಹೋತಲ್ಲ ಅದು."

"ಹದಿನೈದು ದಿನ ಕೊಟ್ಟಾರ. ನಾಳಿ ಕಡೀ ದಿನ."

ಇನ್ನೂರ ಹನ್ನೊಂದು ಪುಟ ಏರಿತು. ಚೌಕ ಬಂತು. ನಾನು ಒತ್ತುವುದನ್ನು ಅವರು ನೋಡಿದರು. ನೋಡಿ, ಜೇಬಿನಿಂದ ತಮ್ಮ ಫೋನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. ಮುಖದಲ್ಲಿ ಆಗಲೇ ಸಹಾಯ ಮಾಡುವವನ ಕಳೆ ಬಂದಿತ್ತು.

"ತಡಿ, ಬರ್ಲಿ. ಹೇಳ್ತೇನಿ" ಅಂದರು.

ಫೋನು ಸುಮ್ಮನಿತ್ತು. ಅದನ್ನು ಒಮ್ಮೆ ಅಲುಗಾಡಿಸಿದರು. "ಬಂದಿಲ್ಲಲ್ಲ. ನೆಟ್ ಇಲ್ಲೇನೋ" ಎಂದು ಎದ್ದು ಕಿಟಕಿಯ ಹತ್ತಿರ ಹೋಗಿ ಮೇಲಕ್ಕೆ ಹಿಡಿದರು.

ನನ್ನ ತೊಡೆಯ ಮೇಲಿದ್ದ ಫೋನು ನಡುಗಿ ಆಗಿತ್ತು. ಆರು ಅಂಕಿ ಓದಿ ಒತ್ತಿದೆ. ಸಲ್ಲಿಕೆಯಾಗಿದೆ ಎಂದು ಬಂತು. ಹತ್ತು ಗಂಟೆ ಇಪ್ಪತ್ತು ನಿಮಿಷ.

"ಆತ್ರಿ" ಅಂದೆ.

ಅವರು ತಿರುಗಿ ನನ್ನ ಕೈಯಲ್ಲಿದ್ದ ಫೋನು ನೋಡಿದರು. ಅತ್ತೆಯ ಕೈಯಲ್ಲಿ ಬೆಳ್ಳುಳ್ಳಿ ನಿಂತಿತು.

"ಯಾವಾಗ ಬದಲಿ ಮಾಡಿಸ್ದಿ?"

"ಹನ್ನೊಂದ್ ದಿನ ಆತ್ರಿ."

ಹನ್ನೊಂದನ್ನು ಅವರು ಹಿಂದಕ್ಕೆ ಎಣಿಸಿದ್ದು ಮುಖದಲ್ಲೇ ಕಂಡಿತು. ಕುರ್ಚಿಗೆ ಮರಳಿ ಕೂತರು. ನಾನು ಕೇಳುತ್ತೇನೆ ಎಂದು ಕಾದರು. ಮೂರು ಸಲ ಯಾಕೆ ಎಂದು. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದರೇನೋ, ತುಟಿ ಎರಡು ಸಲ ಅಲುಗಿತು.

ನಾನು ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕದ ಅರ್ಧ ತೆರೆದಿದೆ, ಇಲ್ಲಿಂದ ಕಾಣುತ್ತದೆ. ಫೋನನ್ನು ಅಂಗೈಯಲ್ಲೇ ಹಿಡಿದುಕೊಂಡು ಅವರು ಇನ್ನೂ ಅಲ್ಲೇ ಕೂತಿದ್ದಾರೆ.